ಒಮ್ಮೆ ಬಳಸುವ ಬಯೋರಿಯಾಕ್ಟರ್: ದ್ವಾರಕಾದಿಂದ ನೆಲಮಂಗಲದವರೆಗೆ

ದೆಹಲಿಯ ನೈಋತ್ಯಕ್ಕಿರುವ ದ್ವಾರಕಾ ಉಪನಗರದಲ್ಲಿ ಜೀವಕೋಶ ಬೆಳೆಸುವ ವಿದ್ಯೆಯೊಂದಿಗೆ ನಂಟಿರುವ ಮೂರು ಸಂಸ್ಥೆಗಳಿವೆ. ಸೆಕ್ಟರ್ 3ರ ನೇತಾಜಿ ಸುಭಾಷ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಸೆಕ್ಟರ್ 16ಸಿಯ ಗುರು ಗೋಬಿಂದ್ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾಲಯ, ಎರಡೂ ಜೈವಿಕ ತಂತ್ರಜ್ಞಾನದಲ್ಲಿ ಬಿ.ಟೆಕ್. ಕಲಿಸುತ್ತವೆ. ಸೆಕ್ಟರ್ 8ರಲ್ಲಿರುವ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ, ದೇಶದಲ್ಲೇ ರೂಪುಗೊಂಡ ಮಲೇರಿಯಾ ಲಸಿಕೆಯೊಂದರ ಪಾಲುದಾರ. ಆ ವಿಶ್ವವಿದ್ಯಾಲಯಗಳಲ್ಲಿ ಕಲಿತ ಹುಡುಗ ಹುಡುಗಿಯರು ನಾಳೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕಾರ್ಖಾನೆ ಸೇರಿದಾಗ, ಆ ಲಸಿಕೆ ಪ್ರಯೋಗಾಲಯ ದಾಟಿ ತಯಾರಿಕೆಗೆ ಹೊರಟಾಗ, ಮೊದಲು ಇತ್ಯರ್ಥವಾಗಬೇಕಾದ ವಿಷಯ ಒಂದೇ: ಕೋಶಗಳನ್ನು ಉಕ್ಕಿನ ತೊಟ್ಟಿಯಲ್ಲಿ ಬೆಳೆಸುವುದೋ, ಒಂದು ಬ್ಯಾಚಿಗೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬ್ಯಾಗಿನಲ್ಲೋ?

ಬಯೋರಿಯಾಕ್ಟರ್ ಎಂದರೆ ಜೀವಂತ ಕೋಶಗಳಿಗೆ ಬೇಕಾದ ಆಹಾರ, ಆಮ್ಲಜನಕ, ಶಾಖ, ಆಮ್ಲೀಯತೆಯ ಹದ ಇವನ್ನೆಲ್ಲ ಅಳೆದು ಕೊಡುವ, ಹೊರಗಿನ ಒಂದು ಸೂಕ್ಷ್ಮಾಣುವನ್ನೂ ಒಳಗೆ ಬಿಡದ ಪಾತ್ರೆ. ಬ್ಯಾಕ್ಟೀರಿಯಾ, ಯೀಸ್ಟ್‌ಗಳನ್ನು ಬೆಳೆಸುವ ಪಾತ್ರೆಗೆ ಫರ್ಮೆಂಟರ್ ಎನ್ನುವ ರೂಢಿಯಿದೆ. ಪ್ರಾಣಿಕೋಶಗಳ ಪಾತ್ರೆಗೆ ಬಯೋರಿಯಾಕ್ಟರ್ ಎಂದೇ ಹೆಸರು. ಇನ್ಸುಲಿನ್, ಹಲವು ಲಸಿಕೆಗಳು, ಕ್ಯಾನ್ಸರಿಗೆ ಕೊಡುವ ಪ್ರತಿಕಾಯ ಔಷಧ ಎಲ್ಲವೂ ಹುಟ್ಟುವುದು ಇಂಥ ಪಾತ್ರೆಗಳಲ್ಲಿ. ದಶಕಗಳ ಕಾಲ ಇವು 316ಎಲ್ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವು. ದೊಡ್ಡ ಕಾರ್ಖಾನೆಗಳಲ್ಲಿ ಒಂದೊಂದು ತೊಟ್ಟಿ 10,000ದಿಂದ 20,000 ಲೀಟರ್ ಹಿಡಿಯುತ್ತದೆ.

ಪ್ಲಾಸ್ಟಿಕ್ ಈ ಲೋಕಕ್ಕೆ ಬಂದದ್ದು ಏಕಾಏಕಿ ಅಲ್ಲ. 1950ರ ಹೊತ್ತಿಗೆ ಅಮೆರಿಕದ ವೈದ್ಯ ಕಾರ್ಲ್ ವಾಲ್ಟರ್ ರಕ್ತ ಸಂಗ್ರಹದ ಗಾಜಿನ ಬಾಟಲಿಯ ಬದಲು ಪ್ಲಾಸ್ಟಿಕ್ ಚೀಲ ತಂದಿದ್ದರು. ಪ್ರಯೋಗಾಲಯಗಳಲ್ಲಿ ಪ್ಲಾಸ್ಟಿಕ್ ಫ್ಲಾಸ್ಕ್, ರೋಲರ್ ಬಾಟಲಿಗಳು ಬಳಕೆಗೆ ಬಂದವು. ಆದರೆ ಇವುಗಳಲ್ಲಿ ಕೋಶಗಳನ್ನು ಹೆಚ್ಚು ಪ್ರಮಾಣದಲ್ಲಿ ಬೆಳೆಸಬೇಕೆಂದರೆ ಬಾಟಲಿಗಳ ಸಂಖ್ಯೆಯನ್ನೇ ಹೆಚ್ಚಿಸಬೇಕಿತ್ತು. ನಿಜವಾದ ತಿರುವು ಕೊಟ್ಟವರು ವಿಜಯ್ ಸಿಂಗ್. ಅಮೆರಿಕದಲ್ಲಿ ವೇವ್ ಬಯೋಟೆಕ್ ಕಂಪನಿ ಕಟ್ಟಿದ ಅವರು, ಗಾಳಿ ತುಂಬಿ ಉಬ್ಬಿಸಿದ ದಿಂಬಿನಾಕಾರದ ಬ್ಯಾಗನ್ನು ಅತ್ತಿತ್ತ ತೂಗುವ ತಟ್ಟೆಯ ಮೇಲಿಟ್ಟರು. ತಟ್ಟೆ ತೂಗಿದಂತೆಲ್ಲ ದ್ರವದಲ್ಲಿ ಅಲೆ ಏಳುತ್ತದೆ. ಅಲೆಯ ಮೇಲ್ಮೈಯಿಂದಲೇ ಆಮ್ಲಜನಕ ಒಳಗಿಳಿಯುತ್ತದೆ, ಮಿಶ್ರಣವೂ ಆಗುತ್ತದೆ. ಕಲಕುವ ರೆಕ್ಕೆಯಿಲ್ಲ, ಗುಳ್ಳೆ ಊದುವ ಕೊಳವೆಯಿಲ್ಲ, ಹಾಗಾಗಿ ಮೃದುವಾದ ಪ್ರಾಣಿಕೋಶಗಳಿಗೆ ಪೆಟ್ಟಿಲ್ಲ. 100 ಲೀಟರಿನವರೆಗೆ ಇದು ಕೆಲಸ ಮಾಡುತ್ತದೆಂದು ತೋರಿಸಿದ ಅವರ ಪ್ರಬಂಧ 1999ರಲ್ಲಿ ‘ಸೈಟೋಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 2007ರಲ್ಲಿ ಜಿಇ ಹೆಲ್ತ್‌ಕೇರ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ಮುಂದಿನ ಹೆಜ್ಜೆಯಾಗಿ ಉಕ್ಕಿನ ತೊಟ್ಟಿಯ ವಿನ್ಯಾಸವನ್ನೇ ಪ್ಲಾಸ್ಟಿಕ್ಕಿಗೆ ಇಳಿಸಿದರು. ಹೊರಗೆ ಉಕ್ಕಿನ ಕವಚ, ಒಳಗೆ ಬ್ಯಾಗು, ಬ್ಯಾಗಿನೊಳಗೇ ಪ್ಲಾಸ್ಟಿಕ್ ರೆಕ್ಕೆ. 2000ದ ದಶಕದಲ್ಲಿ ಹೈಕ್ಲೋನ್, ಎಕ್ಸೆಲರೆಕ್ಸ್ ಕಂಪನಿಗಳು ಇಂಥವನ್ನು ಮಾರುಕಟ್ಟೆಗೆ ತಂದವು, ಜರ್ಮನಿಯ ಸಾರ್ಟೋರಿಯಸ್ ಕೂಡ ಸೇರಿಕೊಂಡಿತು. ಇಂದು 2,000 ಲೀಟರ್ ಎಂಬುದು ಎಲ್ಲರೂ ಒಪ್ಪಿದ ಅಳತೆ.

ಇಂಥದೊಂದು ಬ್ಯಾಗನ್ನು ಕೂಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದರ ಬಲ ಮತ್ತು ದೌರ್ಬಲ್ಯ ಎರಡೂ ಕಾಣುತ್ತವೆ. ಬ್ಯಾಗು ಎರಡು ಹೊದಿಕೆಯೊಳಗೆ ಮಡಚಿಕೊಂಡು ಬರುತ್ತದೆ. ಹೊದಿಕೆಯ ಮೇಲೊಂದು ಸಣ್ಣ ಬಣ್ಣದ ಚುಕ್ಕೆ ಇರುತ್ತದೆ, ಗಾಮಾ ಕಿರಣ ತಗುಲಿದ್ದರೆ ಅದರ ಬಣ್ಣ ಬದಲಾಗಿರುತ್ತದೆ. ಆಪರೇಟರ್ ಮೊದಲು ನೋಡುವುದು ಅದನ್ನು. ಕೈಗೆ ಉಂಗುರ, ಗಡಿಯಾರ ಇರುವಂತಿಲ್ಲ. ಹತ್ತಿರ ಕತ್ತರಿ, ಬ್ಲೇಡು ಸುಳಿಯುವಂತಿಲ್ಲ. ಬ್ಯಾಗನ್ನು ಕವಚದೊಳಗೆ ಇಳಿಸಿ, ತಳದ ರಂಧ್ರಕ್ಕೆ ಸರಿಯಾಗಿ ಕೂರಿಸಿ, ರೆಕ್ಕೆಯನ್ನು ಮೋಟಾರಿನ ಕಾಂತಕ್ಕೋ ದಂಡಕ್ಕೋ ಸೇರಿಸಿ, ಮೆಲ್ಲಗೆ ಗಾಳಿ ತುಂಬುತ್ತಾರೆ. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವಾಗ ಕೈಯಿಂದ ಸವರಿ ಸರಿಮಾಡಬೇಕು. ಒಂದು ಮಡಿಕೆ ಕವಚದ ಅಂಚಿಗೆ ಸಿಕ್ಕಿಕೊಂಡರೂ ನೀರಿನ ಭಾರ ಬಿದ್ದಾಗ ಅಲ್ಲೇ ಸೀಳುತ್ತದೆ. ಆಮೇಲೆ ಗಾಳಿಯ ಒತ್ತಡ ಇಳಿಯುತ್ತದೆಯೇ ಎಂದು ಕಾದು ನೋಡುವ ಸೋರಿಕೆ ಪರೀಕ್ಷೆ. ಅದು ಪಾಸಾದ ಮೇಲಷ್ಟೇ ಕೋಶಗಳ ಆಹಾರದ್ರವ ಒಳಕ್ಕೆ. ಎರಡು ಟ್ಯೂಬುಗಳನ್ನು ಜೋಡಿಸಲು ಬಿಸಿ ಬ್ಲೇಡಿನ ಯಂತ್ರವಿದೆ. ಅದು ಎರಡನ್ನೂ ಕತ್ತರಿಸಿ, ಆ ಕ್ಷಣದಲ್ಲೇ ಬೆಸೆದುಬಿಡುತ್ತದೆ, ಒಳಗಿನ ಭಾಗ ಹೊರಗಿನ ಗಾಳಿ ಕಾಣುವುದೇ ಇಲ್ಲ. ಅನುಭವಸ್ಥ ತಂಡಕ್ಕೆ ಇದೆಲ್ಲ ಕೆಲವು ಗಂಟೆಗಳ ಕೆಲಸ.

ಉಕ್ಕಿನ ತೊಟ್ಟಿಯಲ್ಲಿ ಇದೇ ಹಂತ ಮುಟ್ಟಲು ದಿನಗಳು ಹಿಡಿಯುತ್ತವೆ. ಒಂದು ಬ್ಯಾಚ್ ಮುಗಿದೊಡನೆ ತೊಟ್ಟಿ, ಕೊಳವೆ, ಕವಾಟಗಳನ್ನೆಲ್ಲ ಬಿಸಿ ನೀರು, ಕಾಸ್ಟಿಕ್ ಸೋಡಾ, ಆಮ್ಲ, ಮತ್ತೆ ಅತಿಶುದ್ಧ ನೀರು ಹೀಗೆ ಸರದಿಯಲ್ಲಿ ತೊಳೆಯಬೇಕು. ಬಳಿಕ 121 ಡಿಗ್ರಿಗಿಂತ ಹೆಚ್ಚಿನ ಹಬೆಯಲ್ಲಿ ಬೇಯಿಸಬೇಕು. ಹಿಂದಿನ ಔಷಧದ ಅಂಶ ಮುಂದಿನ ಔಷಧಕ್ಕೆ ಸೇರಿಲ್ಲವೆಂದು ಒಳಗೋಡೆಯನ್ನು ಹತ್ತಿಯಿಂದ ಒರೆಸಿ ಪರೀಕ್ಷಿಸಿ ದಾಖಲೆ ಬರೆಯಬೇಕು. ತೊಳೆದದ್ದಕ್ಕೆ ಪುರಾವೆ ಒದಗಿಸುವುದು ತೊಳೆಯುವುದಕ್ಕಿಂತ ದೊಡ್ಡ ಕೆಲಸ. ಬ್ಯಾಗಿನಲ್ಲಿ ಈ ಇಡೀ ಅಧ್ಯಾಯವೇ ಇಲ್ಲ. ಹಬೆಯ ಬಾಯ್ಲರು ಚಿಕ್ಕದು, ಕೊಳವೆಗಳ ಜಾಲ ಚಿಕ್ಕದು, ಕಟ್ಟಡವೂ ಚಿಕ್ಕದು. ಹಾಗಾಗಿಯೇ ಉಕ್ಕಿನ ಕಾರ್ಖಾನೆ ಕಟ್ಟಲು ನಾಲ್ಕೈದು ವರ್ಷ ಹಿಡಿದರೆ ಬ್ಯಾಗಿನ ಕಾರ್ಖಾನೆ ಎರಡು ವರ್ಷದೊಳಗೆ ಏಳುತ್ತದೆ. ಆ್ಯಮ್ಜೆನ್ ಕಂಪನಿ 2014ರ ನವೆಂಬರಿನಲ್ಲಿ ಸಿಂಗಪುರದ ಟುವಾಸ್‌ನಲ್ಲಿ 20 ಕೋಟಿ ಡಾಲರ್ ಹೂಡಿ ತೆರೆದ ಘಟಕ ಈ ದಾರಿಯ ಮೊದಲ ದೊಡ್ಡ ಸಾಕ್ಷಿಗಳಲ್ಲೊಂದು.

ನೀರಿನ ಉಳಿತಾಯವನ್ನು ಭಾರತದಲ್ಲಿ ಸಣ್ಣ ಲಾಭವೆಂದು ತಳ್ಳಿಹಾಕುವಂತಿಲ್ಲ. ದ್ವಾರಕಾ ನಿವಾಸಿಗಳು ಮುನಕ್ ಕಾಲುವೆಯ ನೀರು ಬರುವ ತನಕ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿ ಬದುಕಿದವರು. ಬೆಂಗಳೂರು ಕುಡಿಯುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತಂದ ಕಾವೇರಿಯನ್ನು, 2024ರ ಬೇಸಿಗೆಯಲ್ಲಿ ಅದೂ ಸಾಲದೆ ನಗರ ಪರದಾಡಿತು. ಚುಚ್ಚುಮದ್ದಿಗೆ ಬಳಸುವ ದರ್ಜೆಯ ನೀರು ಪಡೆಯಲು ಸಾಮಾನ್ಯ ನೀರನ್ನು ಸೋಸಿ, ಹಿಮ್ಮುಖ ಪರಾಸರಣಕ್ಕೆ ಒಡ್ಡಿ, ಬಟ್ಟಿ ಇಳಿಸಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ನೀರು ಚರಂಡಿಗೆ ಹೋಗುತ್ತದೆ. ಅಂಥ ನೀರನ್ನು ಬರೀ ತೊಟ್ಟಿ ತೊಳೆಯಲು ಸುರಿಯುವುದಕ್ಕಿಂತ ಬ್ಯಾಗು ಬಳಸುವುದು ಮೇಲೆಂಬ ವಾದ ಈ ಎರಡು ನಗರಗಳಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತದೆ.

ಬ್ಯಾಗು ಗೆಲ್ಲಲು ಇನ್ನೊಂದು ಕಾರಣವಿದೆ, ಅದು ಪ್ಲಾಸ್ಟಿಕ್ಕಿನದಲ್ಲ, ಕೋಶದ್ದು. ಪ್ರತಿಕಾಯ ಔಷಧಗಳನ್ನು ಹೆಚ್ಚಾಗಿ ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಕೋಶಗಳು ತಯಾರಿಸುತ್ತವೆ. ಉದ್ಯಮದಲ್ಲಿ ಇವಕ್ಕೆ ಚೋ ಕೋಶಗಳೆಂದೇ ಹೆಸರು. ಮೊದಲ ದಿನಗಳಲ್ಲಿ ಒಂದು ಲೀಟರಿಗೆ ಅರ್ಧ ಗ್ರಾಂ ಪ್ರೋಟೀನು ಸಿಕ್ಕರೆ ಹೆಚ್ಚು. ಆಯ್ದ ಕೋಶಗಳು, ಒಳ್ಳೆಯ ಆಹಾರದ್ರವ, ಜಾಣ ನಿಯಂತ್ರಣ ಇವು ಸೇರಿ ಇಂದು ಲೀಟರಿಗೆ 5 ಗ್ರಾಂ ಸಾಮಾನ್ಯ. ಲೆಕ್ಕ ಹಾಕಿ ನೋಡಬಹುದು: ಅರ್ಧ ಗ್ರಾಂ ಲೆಕ್ಕದಲ್ಲಿ 20,000 ಲೀಟರಿನ ಉಕ್ಕಿನ ತೊಟ್ಟಿ ಕೊಡುತ್ತಿದ್ದ 10 ಕಿಲೋ ಪ್ರೋಟೀನನ್ನು ಈಗ 2,000 ಲೀಟರಿನ ಬ್ಯಾಗು ಕೊಡುತ್ತದೆ. ಶುದ್ಧೀಕರಣದಲ್ಲಿ ಮೂರು ಕಿಲೋ ಕಳೆದರೂ ಏಳು ಉಳಿಯಿತು. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧ 60 ಕಿಲೋ ತೂಕದ ಒಬ್ಬ ಮಹಿಳೆಗೆ ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ವರ್ಷಕ್ಕೆ ಆರೂವರೆ ಗ್ರಾಂನಷ್ಟು ಬೇಕು. ಅಂದರೆ ಒಂದು ಬ್ಯಾಗು, ಎರಡು ವಾರದ ಒಂದು ಬ್ಯಾಚು, ಸಾವಿರ ಮಹಿಳೆಯರ ಒಂದು ವರ್ಷದ ಚಿಕಿತ್ಸೆ. ಬೆಂಗಳೂರಿನ ಬಯೋಕಾನ್ ಈ ಔಷಧದ ಜೈವಿಕ ಸಮಾನ ರೂಪವನ್ನು 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ತಂದಾಗ, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಷ್ಟೇ ಮಾಡಬಲ್ಲವು ಎಂದುಕೊಂಡಿದ್ದ ಔಷಧ ಇಲ್ಲೇ ತಯಾರಾಗಬಲ್ಲದು ಎಂಬುದು ಖಚಿತವಾಯಿತು.

ಹೆಚ್ಚು ಬೇಕಾದರೆ ಪಾತ್ರೆ ದೊಡ್ಡದು ಮಾಡದೆ ಬ್ಯಾಗುಗಳ ಸಂಖ್ಯೆ ಹೆಚ್ಚಿಸುವುದು ಈ ಪದ್ಧತಿಯ ಜಾಯಮಾನ. ಚೀನಾದ ವೂಷಿ ಬಯೋಲಾಜಿಕ್ಸ್ 2,000 ಲೀಟರಿನ ಹದಿನಾಲ್ಕು, 1,000 ಲೀಟರಿನ ಎರಡು ಬ್ಯಾಗುಗಳನ್ನು ಒಂದೇ ಘಟಕದಲ್ಲಿ ನಿಲ್ಲಿಸಿ 30,000 ಲೀಟರಿನ ಸಾಮರ್ಥ್ಯ ಕಟ್ಟಿತು. ಕರ್ನಾಟಕದಲ್ಲೂ ಇದರ ನೆರಳಿದೆ. ಬೆಂಗಳೂರಿನಿಂದ ಹೊರಟು ನೆಲಮಂಗಲ ತಲುಪಿದರೆ ತುಮಕೂರು ರಸ್ತೆಯ ತೆಪ್ಪದ ಬೇಗೂರಿನಲ್ಲಿ ಕೆಮ್‌ವೆಲ್, ಕುಣಿಗಲ್ ಕಡೆಯ ಹೆದ್ದಾರಿಯ ಜಕ್ಕಸಂದ್ರದಲ್ಲಿ ಸಾರ್ಟೋರಿಯಸ್‌ನ ಭಾರತೀಯ ಘಟಕ. ಮೊದಲನೆಯದು ಬೇರೆ ಕಂಪನಿಗಳಿಗಾಗಿ ಜೈವಿಕ ಔಷಧ ತಯಾರಿಸಿಕೊಡುವ ಸಂಸ್ಥೆ, ಎರಡನೆಯದು ಅಂಥ ಸಂಸ್ಥೆಗಳಿಗೆ ಉಪಕರಣ ಒದಗಿಸುವ ಕಂಪನಿ.

ಇಂದು ಒಂದು ಕಂಪನಿಯ ಔಷಧ, ಮುಂದಿನ ತಿಂಗಳು ಇನ್ನೊಂದರದು ಎಂಬ ಗುತ್ತಿಗೆ ತಯಾರಿಕೆಯ ವ್ಯವಹಾರಕ್ಕೆ ಬ್ಯಾಗಿನಷ್ಟು ಹೊಂದುವುದು ಬೇರೊಂದಿಲ್ಲ. ಸಿಂಜೀನ್ ಕಂಪನಿಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೋವಿಡ್ ಕಾಲದಲ್ಲಿ ರಷ್ಯಾದ ಸ್ಪುಟ್ನಿಕ್ ವಿ ಲಸಿಕೆಗೆ ಒಪ್ಪಂದ ಮಾಡಿಕೊಂಡಿದ್ದ ಬೆಂಗಳೂರಿನ ಸ್ಟೆಲಿಸ್ ಬಯೋಫಾರ್ಮಾದ ಮೂರನೇ ಘಟಕವನ್ನು ಸಿಂಜೀನ್ 2023ರಲ್ಲಿ ಕೊಂಡಿತು, ಅದರ ಸಾಮರ್ಥ್ಯ 20,000 ಲೀಟರ್. 2025ರ ಮಾರ್ಚಿನಲ್ಲಿ ಅಮೆರಿಕದ ಬಾಲ್ಟಿಮೋರಿನ ಎಮರ್ಜೆಂಟ್ ಕಂಪನಿಯ ಘಟಕವನ್ನೂ ಕೊಳ್ಳುವುದಾಗಿ ಪ್ರಕಟಿಸಿತು. ಇದರೊಂದಿಗೆ ಒಮ್ಮೆ ಬಳಸುವ ಬಯೋರಿಯಾಕ್ಟರುಗಳ ಒಟ್ಟು ಸಾಮರ್ಥ್ಯ 50,000 ಲೀಟರ್ ಮುಟ್ಟುತ್ತದೆಂದು ಕಂಪನಿ ಹೇಳಿತು. ಲಸಿಕೆಯ ಬೇಡಿಕೆ ಇಳಿದ ಮೇಲೂ ಇಂಥ ಘಟಕಗಳು ಪ್ರತಿಕಾಯಗಳ ತಯಾರಿಕೆಗೆ ಹೊರಳಬಲ್ಲವು, ಏಕೆಂದರೆ ಕೋಶಗಳನ್ನು ಮುಟ್ಟುವ ಭಾಗ ಪ್ರತಿ ಸಲವೂ ಹೊಸದು.

ಇನ್ನು ಮಿತಿಗಳು. ಎಲ್ಲ ಕೋಶಗಳೂ ಬ್ಯಾಗಿಗೆ ಒಗ್ಗುವುದಿಲ್ಲ. ಚೋ ಕೋಶ ದಿನಕ್ಕೊಮ್ಮೆ ಇಮ್ಮಡಿಯಾಗುವ ನಿಧಾನಿ. ಇ. ಕೋಲೈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗಬಲ್ಲದು. ದಟ್ಟವಾಗಿ ಬೆಳೆದಾಗ ಅದು ಕೇಳುವ ಆಮ್ಲಜನಕ ಚೋ ಕೋಶಗಳದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಉಗುಳುವ ಶಾಖವೂ ಹಾಗೆಯೇ. ಅಷ್ಟು ಆಮ್ಲಜನಕ ಕೊಡಲು ಜೋರಾಗಿ ಕಲಕಬೇಕು, ಒತ್ತಡ ಏರಿಸಬೇಕು. ಪ್ಲಾಸ್ಟಿಕ್ ಎರಡನ್ನೂ ಹೆಚ್ಚು ತಡೆಯದು. ಶಾಖ ತೆಗೆಯಲು ಉಕ್ಕಿನ ತೊಟ್ಟಿಯ ಗೋಡೆಯಲ್ಲಿ, ಬೇಕಾದರೆ ಒಳಗಿನ ಸುರುಳಿಯಲ್ಲಿ ತಣ್ಣೀರು ಹರಿಸಬಹುದು. ಬ್ಯಾಗಿನ ಪದರ ಶಾಖವನ್ನು ಸರಿಯಾಗಿ ದಾಟಿಸುವುದೇ ಇಲ್ಲ. ಸೂಕ್ಷ್ಮಾಣುಗಳಿಗೆಂದೇ ತಯಾರಾದ ಬ್ಯಾಗಿನ ಫರ್ಮೆಂಟರುಗಳಿವೆ, ಆದರೆ ಅವು 300, 500 ಲೀಟರಿನ ಆಸುಪಾಸಿನಲ್ಲೇ ನಿಂತಿವೆ. ಪ್ರಾಣಿಕೋಶಗಳ ಬ್ಯಾಗುಗಳಲ್ಲಿ ಥರ್ಮೊ ಫಿಶರ್ 5,000 ಲೀಟರ್, ಎಬೆಕ್ ಕಂಪನಿ 6,000 ಲೀಟರಿನ ತನಕ ಹೋದದ್ದುಂಟು. ಅಷ್ಟು ಟನ್ ದ್ರವದ ಭಾರ ಬೆಸುಗೆಯ ಅಂಚುಗಳ ಮೇಲೆ ಬೀಳುವುದರಿಂದ ಅದಕ್ಕಿಂತ ಮೇಲೇರುವುದು ಕಷ್ಟ.

ಬಯೋಕಾನ್‌ನ ಇನ್ಸುಲಿನ್ ಈ ಮಿತಿಯ ಆಚೆ ಬದಿಯಲ್ಲಿದೆ. 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಬಂದ ಅದು ಪಿಕಿಯಾ ಎಂಬ ಯೀಸ್ಟಿನಿಂದ ತಯಾರಾಗುತ್ತದೆ. ಪಿಕಿಯಾ ದಟ್ಟವಾಗಿ ಬೆಳೆಯುವ, ಆಮ್ಲಜನಕಕ್ಕೆ ಹಸಿದ, ಬಿಸಿ ಉಗುಳುವ ಯೀಸ್ಟು. ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿರುವ ದೇಶದಲ್ಲಿ ಇನ್ಸುಲಿನ್ ಕಡಿಮೆ ಬೆಲೆಗೆ, ಬಹಳ ಪ್ರಮಾಣದಲ್ಲಿ ಬೇಕು. ವರ್ಷವಿಡೀ ಒಂದೇ ಔಷಧ, ಒಂದರ ಹಿಂದೊಂದು ಬ್ಯಾಚು. ಅಲ್ಲಿ ಪ್ರತಿ ಬ್ಯಾಚಿಗೂ ಹೊಸ ಬ್ಯಾಗಿನ ಬಿಲ್ಲು ಕಟ್ಟುವುದರಲ್ಲಿ ಅರ್ಥವಿಲ್ಲ, ಉಕ್ಕೇ ಸರಿ.

ದ್ವಾರಕಾದ ಮಲೇರಿಯಾ ಲಸಿಕೆಯ ವಿಷಯ ಇನ್ನಷ್ಟು ಕುತೂಹಲದ್ದು. ಆ್ಯಡ್‌ಫಾಲ್ಸಿವ್ಯಾಕ್ಸ್ ಎಂಬ ಈ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಭುವನೇಶ್ವರದ ಕೇಂದ್ರವು ದ್ವಾರಕಾದ ಮಲೇರಿಯಾ ಸಂಸ್ಥೆ ಮತ್ತು ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಗಳ ಜೊತೆಗೂಡಿ ರೂಪಿಸಿದೆ. ಮಲೇರಿಯಾದ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಮನುಷ್ಯನಿಗೆ ಅಂಟದಂತೆಯೂ ಅವನಿಂದ ಮತ್ತೆ ಸೊಳ್ಳೆಗೆ ದಾಟದಂತೆಯೂ ತಡೆಯುವುದು ಇದರ ಉದ್ದೇಶ. 2025ರ ಜುಲೈನಲ್ಲಿ ಐಸಿಎಂಆರ್ ಇದರ ತಂತ್ರಜ್ಞಾನ ಪಡೆಯಲು ಕಂಪನಿಗಳನ್ನು ಆಹ್ವಾನಿಸಿತು. ಲಸಿಕೆಯ ಪ್ರೋಟೀನನ್ನು ತಯಾರಿಸುವುದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್, ಮೊಸರು ಮತ್ತು ಚೀಸ್‌ಗಳಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ. ಇದು ಇ. ಕೋಲೈಯಂತೆ ಆಮ್ಲಜನಕಕ್ಕಾಗಿ ಹಾತೊರೆಯುವ ಜೀವಿಯಲ್ಲ, ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಬದುಕುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಎಂದೊಡನೆ ಬ್ಯಾಗು ಬೇಡ ಎಂಬ ಸಾಮಾನ್ಯ ನಿಯಮ ಇಲ್ಲಿ ಪೂರ್ತಿ ಅನ್ವಯಿಸುವುದಿಲ್ಲ. ಇಲ್ಲಿನ ಕಷ್ಟ ಬೇರೆ: ಏರುತ್ತಲೇ ಹೋಗುವ ಆಮ್ಲವನ್ನು ಕ್ಷಾರ ಹಾಕಿ ಸತತವಾಗಿ ಹದದಲ್ಲಿಡಬೇಕು. ಬ್ಯಾಗಿನ ಒಳಗೋಡೆಗೆ ಅಂಟಿಸಿದ ಬೆಳಕಿನ ಸಂವೇದಕಗಳು ಆಮ್ಲೀಯತೆಯನ್ನು ಕಿರಿದಾದ ವ್ಯಾಪ್ತಿಯಲ್ಲಷ್ಟೇ ನಂಬಿಕೆಯಿಂದ ಅಳೆಯುತ್ತವೆ, ದಿನ ಕಳೆದಂತೆ ಅಳತೆ ಅತ್ತಿತ್ತ ಸರಿಯುತ್ತದೆ. ಬೇಕೆಂದರೆ ಹಳೆಯ ಗಾಜಿನ ಪ್ರೋಬನ್ನೇ ಆಟೋಕ್ಲೇವ್ ಮಾಡಿ ಬ್ಯಾಗಿಗೆ ಚುಚ್ಚಿ ಸೇರಿಸುವ ವ್ಯವಸ್ಥೆಯಿದೆ. ಯಾವ ಪಾತ್ರೆ ಎಂಬ ನಿರ್ಧಾರ ಜೀವಿಯ ಸ್ವಭಾವ, ಬೇಕಾದ ಡೋಸುಗಳ ಪ್ರಮಾಣ, ಡೋಸಿನ ಬೆಲೆ ಇವನ್ನೆಲ್ಲ ಸೇರಿಸಿ ಆಗಬೇಕಾದದ್ದು. ದ್ವಾರಕಾದ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ತಮ್ಮದೇ ಉಪನಗರದ ಈ ಲಸಿಕೆಗಿಂತ ಒಳ್ಳೆಯ ಅಭ್ಯಾಸದ ಲೆಕ್ಕ ಸಿಗುವುದು ಕಷ್ಟ.

ಬ್ಯಾಗು ನೋಡಲು ಸರಳ, ಅದರ ರಸಾಯನ ಸರಳವಲ್ಲ. ಕೋಶಗಳನ್ನು ಮುಟ್ಟುವ ಒಳಪದರ ಸಾಮಾನ್ಯವಾಗಿ ಪಾಲಿಥೀನು, ನಂದಿನಿ ಹಾಲಿನ ಪ್ಯಾಕೆಟ್ಟಿನ ಜಾತಿಯದೇ. ಅದರ ಹೊರಗೆ ಅನಿಲ ದಾಟದಂತೆ ತಡೆಯುವ ಪದರ, ಅದರಾಚೆ ಸವೆತ ತಾಳುವ ಪದರ, ಎಲ್ಲ ಸೇರಿ 0.3ರಿಂದ 0.4 ಮಿಲಿಮೀಟರ್ ದಪ್ಪ. ಹಾಳೆ ಎರಕವಾಗುವಾಗ ಶಾಖಕ್ಕೆ ಪಾಲಿಥೀನು ಕೆಡದಂತೆ ಉತ್ಕರ್ಷಣ ನಿರೋಧಕ ಬೆರೆಸುತ್ತಾರೆ. ಬಳಿಕ 25ರಿಂದ 40 ಕಿಲೋಗ್ರೇ ಗಾಮಾ ಕಿರಣದಲ್ಲಿ ಕ್ರಿಮಿಶುದ್ಧಿ. ಕೆಲವು ಬ್ಯಾಗುಗಳಲ್ಲಿ ಚೋ ಕೋಶಗಳು ಸುಮ್ಮಸುಮ್ಮನೆ ಬೆಳೆಯದೆ ನಿಲ್ಲುತ್ತಿದ್ದದ್ದು ಉದ್ಯಮಕ್ಕೆ ಬಹುಕಾಲ ತಲೆನೋವಾಗಿತ್ತು. 2013ರಲ್ಲಿ ಆ್ಯಮ್ಜೆನ್‌ನ ವಿಜ್ಞಾನಿಗಳು ಅಪರಾಧಿಯನ್ನು ಹಿಡಿದರು. ಇರ್ಗಾಫಾಸ್ 168 ಎಂಬ ಉತ್ಕರ್ಷಣ ನಿರೋಧಕ ಒಡೆದು ಹುಟ್ಟುವ ಒಂದು ಫಾಸ್ಫೇಟ್ ಸಂಯುಕ್ತ ಬ್ಯಾಗಿನಿಂದ ದ್ರವಕ್ಕೆ ಸೋರಿ, ತೀರ ಅಲ್ಪ ಪ್ರಮಾಣದಲ್ಲೇ ಕೋಶಗಳನ್ನು ಕುಂಠಿತಗೊಳಿಸುತ್ತಿತ್ತು. ಬ್ಯಾಗನ್ನು ಮನುಷ್ಯರ ಸುರಕ್ಷತೆಯ ಪರೀಕ್ಷೆಗಳಿಗೆ ಒಡ್ಡಿ ಪಾಸು ಮಾಡಲಾಗಿತ್ತು. ಕೋಶಗಳನ್ನು ಕೇಳಿದವರಿರಲಿಲ್ಲ. ಆ ಬಳಿಕ ತಯಾರಕರು ಪ್ಲಾಸ್ಟಿಕ್ಕಿನ ಸೂತ್ರ ತಿದ್ದಿದರು, ಹೊಸ ಹಾಳೆಯನ್ನು ಕೋಶಗಳ ಮೇಲೂ ಪರೀಕ್ಷಿಸುವ ರೂಢಿ ಬಂತು. ತಯಾರಿಕೆಯಲ್ಲಿ ಬಳಸುವ ಪ್ಲಾಸ್ಟಿಕ್ ಭಾಗಗಳಿಂದ ಏನೇನು ಸೋರುತ್ತದೆಂದು ಅಳೆಯುವ ವಿಧಾನವನ್ನು ಅಮೆರಿಕದ ಔಷಧ ಸಂಹಿತೆ ತನ್ನ 665ನೇ ಅಧ್ಯಾಯದಲ್ಲಿ ನಿಗದಿಮಾಡಿ, ಜಾರಿಯ ದಿನವನ್ನು 2026ರ ಮೇ 1 ಎಂದು ಗೊತ್ತುಪಡಿಸಿದೆ.

ಹೊಸ ಬ್ಯಾಗೆಂದರೆ ಮಾಲಿನ್ಯದ ಭಯವೇ ಇಲ್ಲ ಎನ್ನುವುದೂ ಸರಿಯಲ್ಲ. 2009ರಲ್ಲಿ ಅಮೆರಿಕದ ಬಾಸ್ಟನ್ನಿನ ಆಲ್‌ಸ್ಟನ್‌ನಲ್ಲಿದ್ದ ಜೆನ್ಜೈಮ್ ಕಾರ್ಖಾನೆಯ ಉಕ್ಕಿನ ಬಯೋರಿಯಾಕ್ಟರುಗಳಲ್ಲಿ ವೆಸಿವೈರಸ್ 2117 ಸೇರಿಕೊಂಡು ಕಾರ್ಖಾನೆ ಮುಚ್ಚಿ ತೊಳೆಯಬೇಕಾಯಿತು. ಗೋಶೇ, ಫ್ಯಾಬ್ರಿ ಎಂಬ ಅಪರೂಪದ ಕಾಯಿಲೆಗಳ ರೋಗಿಗಳು ಔಷಧವಿಲ್ಲದೆ ಕಷ್ಟಪಟ್ಟರು. ವೈರಸ್ಸು ಬಂದದ್ದು ಕೋಶಗಳಿಗೆ ಹಾಕುವ ಆಹಾರದ ಕಚ್ಚಾವಸ್ತುವಿನಿಂದ ಎಂಬ ಅನುಮಾನ ಬಲವಾಗಿತ್ತು. ಅಂಥ ವೈರಸ್ಸು ಬ್ಯಾಗಿಗೂ ಬರುತ್ತದೆ. ಆದರೆ ಬಂದ ಮೇಲೆ ಆ ಬ್ಯಾಗನ್ನು ಎಸೆದು ಹೊಸದು ಕೂಡಿಸಬಹುದು, ಇಡೀ ಕೊಳವೆ ಜಾಲ ಬಿಚ್ಚಿ ತೊಳೆಯುತ್ತ ಕೂರಬೇಕಿಲ್ಲ. ಲಾಭ ಇರುವುದು ಅಲ್ಲಿ.

ಭಾರತದ ಮಟ್ಟಿಗೆ ಬ್ಯಾಗಿನ ಅತಿದೊಡ್ಡ ಮಿತಿ ಅದರ ಗಾತ್ರವೂ ಅಲ್ಲ, ರಸಾಯನವೂ ಅಲ್ಲ. ಅದು ಯಾರ ಕೈಯಲ್ಲಿದೆ ಎಂಬುದು. ಒಂದು ಕಂಪನಿಯ ಬ್ಯಾಗು ಇನ್ನೊಂದರ ಕವಚಕ್ಕೆ ಕೂರುವುದಿಲ್ಲ. ಉಕ್ಕಿನ ತೊಟ್ಟಿ ಒಮ್ಮೆ ಕೊಂಡರೆ ದಶಕಗಳ ಕಾಲ ನಮ್ಮದು. ಬ್ಯಾಗಿನ ಕಾರ್ಖಾನೆ ಪ್ರತಿ ಬ್ಯಾಚಿಗೂ ಅದೇ ವಿದೇಶಿ ಕಂಪನಿಯ ಮುಂದೆ ಕೈಚಾಚಬೇಕು. 2021ರಲ್ಲಿ ಇದು ಇಡೀ ಜಗತ್ತಿನೆದುರು ಬಯಲಾಯಿತು. ಅಮೆರಿಕ ಸರ್ಕಾರ ಕೊರಿಯಾ ಯುದ್ಧಕಾಲದ, 1950ರ ರಕ್ಷಣಾ ಉತ್ಪಾದನಾ ಕಾಯ್ದೆಯನ್ನು ಬಳಸಿ ಕೋವಿಡ್ ಲಸಿಕೆಗೆ ಬೇಕಾದ ಸಾಮಗ್ರಿ ಮೊದಲು ತನ್ನ ತಯಾರಕರಿಗೇ ಸಿಗುವಂತೆ ಮಾಡಿತು. ಪುಣೆಯ ಸೀರಂ ಸಂಸ್ಥೆಯ ಅದಾರ್ ಪೂನಾವಾಲಾ ಮಾರ್ಚಿನಲ್ಲೇ ಬ್ಯಾಗು, ಫಿಲ್ಟರುಗಳು ಸಿಗುತ್ತಿಲ್ಲವೆಂದು ವಿಶ್ವಬ್ಯಾಂಕಿನ ಸಭೆಯೊಂದರಲ್ಲಿ ಎಚ್ಚರಿಸಿದರು. ಏಪ್ರಿಲ್ 16ರಂದು ಅಧ್ಯಕ್ಷ ಬೈಡನ್‌ಗೆ ಟ್ವಿಟರಿನಲ್ಲಿ ನೇರವಾಗಿ ಮನವಿ ಮಾಡಿದರು. ಕೀಟಕೋಶಗಳಲ್ಲಿ ಬೆಳೆಸುವ, ನೋವಾವ್ಯಾಕ್ಸ್ ಮೂಲದ ಕೋವೊವ್ಯಾಕ್ಸ್ ಲಸಿಕೆಗೆ ಇದರ ಬಿಸಿ ಹೆಚ್ಚು ತಟ್ಟುವುದಿತ್ತು. ದೆಹಲಿಯ ಸ್ಮಶಾನಗಳಲ್ಲಿ ಸರದಿ ಬೆಳೆಯುತ್ತಿದ್ದ ಅದೇ ಏಪ್ರಿಲ್ 25ರಂದು ಎರಡು ದೇಶಗಳ ರಾಷ್ಟ್ರೀಯ ಭದ್ರತಾ ಸಲಹೆಗಾರರು, ಜೇಕ್ ಸಲಿವನ್ ಮತ್ತು ಅಜಿತ್ ಡೋವಲ್, ಫೋನಿನಲ್ಲಿ ಮಾತಾಡಿದ ಮೇಲೆ ಕೋವಿಶೀಲ್ಡ್‌ಗೆ ತುರ್ತಾಗಿ ಬೇಕಾದ ಕಚ್ಚಾವಸ್ತು ಒದಗಿಸುವುದಾಗಿ ಅಮೆರಿಕ ಹೇಳಿತು. ಜೂನ್ ತಿಂಗಳಲ್ಲಿ ಕೆಲವು ಲಸಿಕೆಗಳ ಮೇಲಿನ ಆದ್ಯತೆಯ ನಿಯಮ ಸಡಿಲವಾಯಿತು. ಒಂದು ಪ್ಲಾಸ್ಟಿಕ್ ಚೀಲ ರಾಷ್ಟ್ರೀಯ ಭದ್ರತೆಯ ಮಾತುಕತೆಗೆ ವಿಷಯವಾದದ್ದನ್ನು ಮರೆಯುವಂತಿಲ್ಲ.

ಈ ಪರಾವಲಂಬನೆಯನ್ನು ಮೀರುವ ಸಾಮರ್ಥ್ಯದ ಬಹುಪಾಲು ದೇಶದಲ್ಲೇ ಇದೆ ಎಂಬುದು ನೋವಿನ ಜೊತೆ ಭರವಸೆಯ ಸಂಗತಿ. ಗಾಮಾ ಕ್ರಿಮಿಶುದ್ಧಿಗೆ ಟ್ರಾಂಬೆಯ ಐಸೊಮೆಡ್ ಘಟಕ 1974ರಿಂದಲೂ ಇದೆ, ದೆಹಲಿಯ ಶ್ರೀರಾಮ್ ಸಂಸ್ಥೆಯಲ್ಲೂ ವಿಕಿರಣ ಘಟಕವಿದೆ. ಅಹಮದಾಬಾದಿನ ಓಮ್ನಿಬಿಆರ್‌ಎಕ್ಸ್ ಎಂಬ ಸಣ್ಣ ಕಂಪನಿ ಮೇಲ್ಮೈಗೆ ಅಂಟಿ ಬೆಳೆಯುವ ಕೋಶಗಳಿಗಾಗಿ ಒಮ್ಮೆ ಬಳಸುವ ಬಯೋರಿಯಾಕ್ಟರನ್ನು ತಾನೇ ರೂಪಿಸಿದೆ. 2017ರಲ್ಲಿ ವಿಶ್ವಬ್ಯಾಂಕಿನ ಅರ್ಧ ಸಾಲದೊಂದಿಗೆ 1,500 ಕೋಟಿ ರೂಪಾಯಿಯ ರಾಷ್ಟ್ರೀಯ ಬಯೋಫಾರ್ಮಾ ಮಿಷನ್ ಶುರುವಾಯಿತು. ಕೊರತೆ ಇರುವುದು ಔಷಧ ದರ್ಜೆಯ ಬಹುಪದರ ಹಾಳೆಯಲ್ಲಿ ಮತ್ತು ಅದರಿಂದ ಏನೇನು ಸೋರುತ್ತದೆಂದು ವರ್ಷಗಟ್ಟಲೆ ಪರೀಕ್ಷಿಸಿ ದಾಖಲಿಸುವ ತಾಳ್ಮೆಯ ಕೆಲಸದಲ್ಲಿ. ಒಮ್ಮೆ ಒಂದು ಬ್ಯಾಗಿನಲ್ಲಿ ಔಷಧಕ್ಕೆ ಅನುಮತಿ ಪಡೆದ ಕಂಪನಿ ಇನ್ನೊಂದಕ್ಕೆ ಬದಲಾಗಬೇಕಾದರೆ ಹೋಲಿಕೆಯ ಅಧ್ಯಯನಗಳನ್ನೆಲ್ಲ ಮತ್ತೆ ಮಾಡಬೇಕು. ಹಾಗಾಗಿ ದೇಶಿ ಬ್ಯಾಗು ಔಷಧದ ಮೊದಲ ದಿನಗಳಿಂದಲೇ, ಅಂದರೆ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದಲೇ ಜೊತೆಗಿರಬೇಕು.

ಕೆಲವು ಚಿಕಿತ್ಸೆಗಳಲ್ಲಿ ಉಕ್ಕೋ ಬ್ಯಾಗೋ ಎಂಬ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಕಾರ್-ಟಿ ಚಿಕಿತ್ಸೆಯಲ್ಲಿ ರಕ್ತ ಕ್ಯಾನ್ಸರಿನ ರೋಗಿಯದೇ ಟಿ ಕೋಶಗಳನ್ನು ತೆಗೆದು, ವಂಶವಾಹಿ ತಿದ್ದಿ, ಬೆಳೆಸಿ, ಅವರಿಗೇ ಮರಳಿ ಕೊಡುತ್ತಾರೆ. ಒಬ್ಬ ರೋಗಿ, ಒಂದು ಬ್ಯಾಚು. ಒಬ್ಬರ ಒಂದು ಕೋಶವೂ ಇನ್ನೊಬ್ಬರದರೊಂದಿಗೆ ಬೆರೆಯುವಂತಿಲ್ಲ. ಇಲ್ಲಿ ತೊಳೆದು ಮತ್ತೆ ಬಳಸುವ ಪಾತ್ರೆಯನ್ನು ಯಾರೂ ಯೋಚಿಸುವುದಿಲ್ಲ. ಐಐಟಿ ಬಾಂಬೆಯಿಂದ ಹುಟ್ಟಿದ ಇಮ್ಯುನೊಆ್ಯಕ್ಟ್‌ನ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಕಾರ್ಟೆಮಿಯನ್ನು ತಂದಿತು. ಇಂಥ ಚಿಕಿತ್ಸೆ ಬೆಳೆದಷ್ಟೂ ಬ್ಯಾಗಿನ ಬೇಡಿಕೆ ಬೆಳೆಯುತ್ತದೆ.

ಬಳಸಿದ ಬ್ಯಾಗು ಎಲ್ಲಿಗೆ ಹೋಗುತ್ತದೆ? ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಆಸ್ಪತ್ರೆಯ ಸಾಧಾರಣ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ ಹೋಗುತ್ತದೆ, ಆಟೋಕ್ಲೇವ್ ಮಾಡಿ ಚೂರುಮಾಡಿ ಮರುಬಳಕೆ ಮಾಡಬಹುದು. ಆದರೆ ಜೈವಿಕ ಔಷಧ ತಯಾರಿಕೆಯ ಮನುಷ್ಯ ಮತ್ತು ಪ್ರಾಣಿಕೋಶಗಳು, ಅವನ್ನು ಬೆಳೆಸಿದ ಸಾಧನಗಳು ಹಳದಿ ವರ್ಗದಲ್ಲಿವೆ. ಅವನ್ನು ಸ್ಥಳದಲ್ಲೇ ಕ್ರಿಮಿಮುಕ್ತಗೊಳಿಸಿ, ಆಮೇಲೆ ಸುಡಬೇಕು. ದೆಹಲಿಯಲ್ಲಿ ಪಶ್ಚಿಮದ ನೀಲೋಠಿ ಮತ್ತು ಜಿ.ಟಿ. ಕರ್ನಾಲ್ ರಸ್ತೆಯ ಸಾಮೂಹಿಕ ಘಟಕಗಳು ಈ ಬಗೆಯ ತ್ಯಾಜ್ಯವನ್ನು ನೋಡಿಕೊಳ್ಳುತ್ತ ಬಂದಿವೆ. ಒಂದು ಕಿಲೋ ಪಾಲಿಥೀನು ಪೂರ್ತಿ ಉರಿದರೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಚಳಿಗಾಲದಲ್ಲಿ ಉಸಿರುಕಟ್ಟುವ ನಗರಕ್ಕೆ ಯಾವ ಹೊಸ ಬೆಂಕಿಯೂ ಹಗುರವಲ್ಲ. ಉಕ್ಕಿಗೆ ಬೇಕಾದ ಹಬೆ, ಅತಿಶುದ್ಧ ನೀರು, ರಾಸಾಯನಿಕಗಳನ್ನೂ ಸೇರಿಸಿ ಹುಟ್ಟಿನಿಂದ ವಿಲೇವಾರಿಯವರೆಗಿನ ಲೆಕ್ಕ ಹಾಕಿದ ಅಧ್ಯಯನಗಳು ಬಹುತೇಕ ಬ್ಯಾಗಿನ ಪರವಾಗಿಯೇ ಬಂದಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದನ್ನು ಮಾಡಿದವರು ಜಿಇ ಹೆಲ್ತ್‌ಕೇರ್‌ನವರು, ಅಂದರೆ ಆಗ ಬ್ಯಾಗು ಮಾರುತ್ತಿದ್ದವರೇ, ಎಂಬುದನ್ನು ಗಮನದಲ್ಲಿಟ್ಟುಕೊಂಡು ಓದಬೇಕು. ವಿದ್ಯುತ್ತು ಕಲ್ಲಿದ್ದಲಿನದೋ ಸೂರ್ಯನದೋ, ಬ್ಯಾಗು ಎಷ್ಟು ಸಾವಿರ ಕಿಲೋಮೀಟರ್ ವಿಮಾನದಲ್ಲಿ ಬಂತು, ಕೊನೆಗೆ ಸುಟ್ಟರೋ ಹೂತರೋ, ಇವು ಬದಲಾದರೆ ಉತ್ತರವೂ ಬದಲಾಗುತ್ತದೆ. ದೆಹಲಿಗೊಂದು, ಬೆಂಗಳೂರಿಗೊಂದು ಸ್ವತಂತ್ರ ಲೆಕ್ಕ ಆಗಲೇಬೇಕು. ಅದನ್ನು ಮಾಡಲು ವಿಶ್ವವಿದ್ಯಾಲಯಗಳಿಗಿಂತ ತಕ್ಕವರು ಇನ್ನಾರು?

ಅಮೆರಿಕದಲ್ಲಿ ಟ್ರಯಂವಿರೇಟ್ ಎಂಬ ಕಂಪನಿ ಔಷಧ ಕಾರ್ಖಾನೆಗಳಿಂದ ಇಂಥ ಬ್ಯಾಗು, ಟ್ಯೂಬುಗಳನ್ನು ಸಂಗ್ರಹಿಸಿ, ಕ್ರಿಮಿಮುಕ್ತಗೊಳಿಸಿ, ಪದರ ಬೇರ್ಪಡಿಸುವ ಗೋಜಿಗೆ ಹೋಗದೆ ಒಟ್ಟಿಗೆ ಕರಗಿಸಿ ಕಟ್ಟಡಕ್ಕೆ ಬಳಸುವ ಪ್ಲಾಸ್ಟಿಕ್ ಹಲಗೆ ಮಾಡಿದ್ದುಂಟು. ಭಾರತದಲ್ಲಿ ಇದೇ ಕೆಲಸಕ್ಕೆ ಮೊದಲು ಹಳದಿ ವರ್ಗದ ನಿಯಮದಲ್ಲಿ ಒಂದು ದಾರಿ ತೆರೆಯಬೇಕು: ರೋಗಕಾರಕವಲ್ಲದ ಚೋ ಕೋಶಗಳು ಬೆಳೆದ, ಕಾರ್ಖಾನೆಯಲ್ಲೇ ಆಟೋಕ್ಲೇವ್ ಆಗಿ ಪ್ರಮಾಣಿತವಾದ ಬ್ಯಾಗನ್ನು ವೈರಸ್ ಲಸಿಕೆಯ ಬ್ಯಾಗಿನಿಂದ ಬೇರೆಯಾಗಿ ಎಣಿಸಿ, ಕೆಂಪು ಚೀಲದ ಪ್ಲಾಸ್ಟಿಕ್ಕಿನಂತೆ ಚೂರುಮಾಡಿ ಮರುಬಳಕೆಗೆ ಕಳಿಸಲು ಅವಕಾಶ.